ಗಂಟೆ ಹೊಡೆದಾಗ ಅರ್ಧಕ್ಕೆ ಬಿಟ್ಟ ಮರ

ಚಾಮರಾಜಪುರಂ

ನಮ್ಮ ಬೀದಿಯ ಮೂಲೆಯಲ್ಲಿ ಎಳನೀರು ಮಾರುವವರು ಮಚ್ಚು ಎತ್ತಿದರೆ ಸಾಕು, ನಾನು ಈಗ ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತೇನೆ. ಮಚ್ಚಿನ ಭಯವಲ್ಲ. ಅದು ಕಾಯಿಗೆ ಬಿದ್ದಾಗ ಬರುವ ‘ಚಟ್’ ಎಂಬ ಸದ್ದಿನ ಭಯ. ಆಸ್ಟ್ರಿಯಾ ದೇಶದ ಒಂದು ಗುಡ್ಡದಲ್ಲಿ, ಒಳ್ಳೆಯ ಬಿಸಿಲಿದ್ದ ಹೊತ್ತಿನಲ್ಲಿ, ಅಂಥದೇ ಸದ್ದು ಕೇಳಿದ್ದೆ. ಆಮೇಲೆ ಆದದ್ದನ್ನು ಕಣ್ಣಾರೆ ನೋಡಿದ್ದೆ. ಊರಿಗೆ ಬಂದು ತಿಂಗಳುಗಳಾದವು. ಅಕ್ಕಿ ತೊಳೆಯುವಾಗ, ಕಾಲೇಜಿನಲ್ಲಿ ಹಾಜರಿ ಕೂಗುವಾಗ, ಅದು ಮೊದಲಿನಿಂದ ಮತ್ತೆ ಶುರುವಾಗುತ್ತದೆ. ಪ್ರವಾಸ ಹೇಗಿತ್ತು ಎಂದು ಕೇಳಿದವರಿಗೆಲ್ಲ ‘ಚೆನ್ನಾಗಿತ್ತು’ ಅನ್ನುತ್ತೇನೆ. ಅದೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ಹೇಳಲು ಬಾಯಿ ಬರುವುದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಹೊರಟದ್ದು ನನ್ನ ಕೆಲಸಕ್ಕಲ್ಲ. ನಮ್ಮ ಪಕ್ಕದ ಮನೆಯ ಆರೋಗ್ಯಮೇರಿ, ಬೀದಿಗೆಲ್ಲ ಮೇರಿ ಅಕ್ಕ, ಟೈಲರಿಂಗ್ ಮಾಡುತ್ತಾರೆ. ನನ್ನ ಮದುವೆಯ ರವಿಕೆಗಳನ್ನು ಹೊಲಿದವರು ಅವರೇ. ತಾಯಿ ತೀರಿಕೊಂಡಾಗ ಅವರ ತಮ್ಮ ಇನ್ನಾಸಪ್ಪ ಇನ್ನೂ ಅಂಗನವಾಡಿಗೆ ಹೋಗುವ ಮಗು. ಅವನನ್ನು ಸಾಕುವುದರಲ್ಲಿ ಮೇರಿ ಅಕ್ಕ ತಮ್ಮ ಮದುವೆಯ ಮಾತನ್ನೇ ಮರೆತರು. ಆ ಇನ್ನಾಸಿ ಓದಿ, ಕೆಲಸಕ್ಕೆ ಸೇರಿ, ಎಲ್ಲ ಸರಿಹೋಯಿತು ಅನ್ನುವಾಗ, ತಾನು ಸನ್ಯಾಸಿಯಾಗುತ್ತೇನೆ ಅಂದ. ಚರ್ಚಿನಲ್ಲಿ ಪೂಜೆ ಮಾಡಿಸುವ, ಮನೆಮನೆಗೆ ಬಂದು ಕಾಫಿ ಕುಡಿಯುವ ಫಾದರ್ ಅಲ್ಲ. ಒಂದೇ ಮಠದ ಗೋಡೆಯೊಳಗೆ ಇದ್ದು, ದುಡಿದು, ಪ್ರಾರ್ಥಿಸಿ, ಅಲ್ಲೇ ಮಣ್ಣಾಗುವ ಸನ್ಯಾಸಿ. ಐದಾರು ವರ್ಷದಿಂದ ಆಸ್ಟ್ರಿಯಾದ ಮಠದಲ್ಲಿದ್ದಾನೆ. ಈಗ ಜೀವನಪೂರ್ತಿಯ ವ್ರತ ತೆಗೆದುಕೊಳ್ಳುವ ಸಮಯ.

“ನೀನು ಬಂದು ಹೂಂ ಅಂದ್ರೆ ಮಾತ್ರ ಅಕ್ಕ. ಇಲ್ಲಾಂದ್ರೆ ಇಲ್ಲ,” ಎಂದು ಅವನು ಫೋನಿನಲ್ಲಿ ಹೇಳಿದ್ದ.

“ಹೂಂ ಅನ್ನಕ್ಕಲ್ಲ ನಾನು ಹೋಗ್ತಿರೋದು,” ಮೇರಿ ಅಕ್ಕ ನಮ್ಮ ಅಡುಗೆಮನೆಯಲ್ಲಿ ನಿಂತು ಹೇಳಿದರು. “ಕರ್ಕೊಂಡು ಬರಕ್ಕೆ. ನೀನೂ ಬಾ ಸುಮಾ. ನಿನ್ನ ಇಂಗ್ಲಿಷ್ ಬೇಕು ಕಣಮ್ಮ. ನನ್ನ ಕನ್ನಡ ಕೇಳಿ ಆ ಜನ ನನ್ನನ್ನೇ ಮಠಕ್ಕೆ ಸೇರಿಸ್ಕೊಂಬುಟ್ರೆ?”

ಗುಂಡಿ ಒತ್ತದ ನಿಲ್ದಾಣ

ಮೈಸೂರಿನ ಮಂಡಕಳ್ಳಿಯಲ್ಲೇ ವಿಮಾನ ನಿಲ್ದಾಣ ಇಟ್ಟುಕೊಂಡು ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಬೇಕಲ್ಲ ಎಂದು ಮೇರಿ ಅಕ್ಕ ಮದ್ದೂರಿನವರೆಗೂ ಗೊಣಗಿದರು. ಅಲ್ಲಿ ವಡೆ ಸಿಕ್ಕ ಮೇಲೆ ಸುಮ್ಮನಾದರು. ವಿಯೆನ್ನಾದಲ್ಲಿ ಇಳಿದಾಗ ತನಿಖೆಯವರು ಅವರ ಬ್ಯಾಗಿನಿಂದ ಪುಳಿಯೋಗರೆ ಗೊಜ್ಜಿನ ಡಬ್ಬಿ ತೆಗೆದು, ಮೂಸಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಮೆಡಿಸಿನ್?” ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಮೇರಿ ಅಕ್ಕ ಜೋರಾಗಿ ತಲೆ ಆಡಿಸಿದರು. ಡಬ್ಬಿ ವಾಪಸ್ಸು ಬಂತು.

ಅಲ್ಲಿಂದ ರೈಲು ಬದಲಿಸಿ, ಕೊನೆಗೆ ಎರಡೇ ಡಬ್ಬಿಯ ಪುಟ್ಟ ರೈಲೊಂದನ್ನು ಹತ್ತಿದೆವು. ನಮ್ಮ ನಿಲ್ದಾಣ ಬಂತು. ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತೆವು. ರೈಲು ನಿಲ್ಲಲೇ ಇಲ್ಲ. ಆ ಸಣ್ಣ ನಿಲ್ದಾಣಗಳಲ್ಲಿ ಇಳಿಯುವವರು ಮೊದಲೇ ಗುಂಡಿ ಒತ್ತಿ ತಿಳಿಸಬೇಕಂತೆ. ಒತ್ತದಿದ್ದರೆ ಯಾರೂ ಇಳಿಯುವುದಿಲ್ಲ ಎಂದು ರೈಲು ತನ್ನ ಪಾಡಿಗೆ ಹೋಗುತ್ತದೆ. ನಮ್ಮೂರಿನಲ್ಲಿ ಬಸ್ಸು ನಿಲ್ಲಿಸಲು ಕಂಡಕ್ಟರ್ ಇದ್ದಾರೆ, ಅವರು ಮರೆತರೆ ಕೂಗಲು ಇಡೀ ಬಸ್ಸೇ ಇದೆ. ಇಲ್ಲಿ ಕೂಗುವವರಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದು ಕಕ್ಕಾಬಿಕ್ಕಿಯಾಗಿ ನಿಂತಿದ್ದಾಗ, ಸೇಬಿನ ಬುಟ್ಟಿಗಳನ್ನು ಕಾರಿಗೆ ತುಂಬುತ್ತಿದ್ದ ಅಜ್ಜಿಯೊಬ್ಬರು ನಮ್ಮ ಸೀರೆ, ಸ್ವೆಟರು, ಮುಖ ಎಲ್ಲ ನೋಡಿ, “ಕ್ಲೋಸ್ಟರ್?” ಅಂದರು. ಅಂದರೆ ಮಠ. ನಮ್ಮಂಥವರು ಆ ಊರಿಗೆ ಬಂದರೆ ಇನ್ನೆಲ್ಲಿಗೆ ಹೋದಾರು! ಬುಟ್ಟಿಗಳ ನಡುವೆ ನಮ್ಮನ್ನೂ ತುಂಬಿಕೊಂಡು ಗುಡ್ಡ ಹತ್ತಿಸಿದರು. ದಾರಿಯುದ್ದಕ್ಕೂ ಅವರು ಜರ್ಮನ್‌ನಲ್ಲಿ, ಮೇರಿ ಅಕ್ಕ ಕನ್ನಡದಲ್ಲಿ, ಮಂಡಿನೋವಿನ ವಿಷಯ ಮಾತಾಡಿದರು. ಇಬ್ಬರಿಗೂ ಎಲ್ಲ ಅರ್ಥವಾದಂತಿತ್ತು.

ಮಠದ ಹೆಬ್ಬಾಗಿಲು

ಹುಲ್ಲುಗಾವಲಿನ ಒಂದು ತುದಿಯಲ್ಲಿ ಹಳದಿ ಗೋಡೆಯ ಮಠ, ಅದರ ಚರ್ಚು. ಇನ್ನೊಂದು ತುದಿಯಲ್ಲಿ ಕಾಡು. ಕ್ರಿಸ್ಮಸ್ ಕಾರ್ಡಿನಲ್ಲಿ ಬರುವಂಥ ಮರಗಳೇ, ಆದರೆ ತೆಂಗಿಗಿಂತ ಎತ್ತರ. ಅತಿಥಿಗಳನ್ನು ನೋಡಿಕೊಳ್ಳುವ ಫಾದರ್ ಕೊನ್ರಾಡ್ ನಮಗಾಗಿ ಬಾಗಿಲಲ್ಲೇ ಕಾದಿದ್ದರು. ಕೈ ಕುಲುಕಲಿಲ್ಲ, ತಲೆ ಬಾಗಿಸಿದರು. ಬಂದ ಅತಿಥಿಯನ್ನು ಕ್ರಿಸ್ತನೇ ಬಂದಂತೆ ಕಾಣಬೇಕು ಎಂಬುದು ಅವರ ನಿಯಮವಂತೆ. ನಾನು ಇದನ್ನು ಕನ್ನಡದಲ್ಲಿ ಹೇಳಿದಾಗ ಮೇರಿ ಅಕ್ಕ ಮುಖ ಗಂಟಿಕ್ಕಿಕೊಂಡು, “ನಮ್ಮನೆ ಹುಡುಗನ್ನ ಇಟ್ಕೊಂಡು ನಮಗೇ ಅತಿಥಿ ಸತ್ಕಾರ,” ಅಂದರು. ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಲಿಲ್ಲ.

ಇನ್ನಾಸಿ ಬಂದ. ಕಪ್ಪು ನಿಲುವಂಗಿ, ಬೋಳಿಸಿದಂತೆ ಕತ್ತರಿಸಿದ ಕೂದಲು. ನಗು ಮಾತ್ರ ನಮ್ಮ ಕಾಂಪೌಂಡು ಹಾರಿ ಸೀಬೆಕಾಯಿ ಕೀಳುತ್ತಿದ್ದವನದೇ.

“ಎಷ್ಟು ಸೊರಗಿ ಹೋಗಿದ್ದೀಯೋ!”

“ಇಲ್ಲ ಅಕ್ಕ, ದಪ್ಪ ಆಗಿದ್ದೀನಿ. ಈ ಅಂಗೀಲಿ ಕಾಣಲ್ಲ ಅಷ್ಟೇ.”

“ಪ್ರಾರ್ಥನೆ ಮಾಡಕ್ಕೆ ಮೈಸೂರಲ್ಲಿ ಚರ್ಚಿಗೆ ಬರವೇನೋ? ಇಲ್ಲಿಗೇ ಯಾಕೆ ಬಂದು ಬಿದ್ದೆ?”

ಅವನು ಮೇಜಿನ ಆಚೆ ಕುರ್ಚಿ ಎಳೆದುಕೊಂಡು ಕೂತ. “ಅಕ್ಕ, ಅದು ಎಂಗೆ ಅಂದ್ರೆ...” ಎಂದು ಶುರುಮಾಡಿದ. ಅಷ್ಟರಲ್ಲಿ ಗಂಟೆ ಹೊಡೆಯಿತು. ಇನ್ನಾಸಿ ಎದ್ದ. ನಮಗೆ ತಲೆ ಬಾಗಿಸಿ ಹೊರಟೇಬಿಟ್ಟ. ಮಾತು ಮೇಜಿನ ಮೇಲೆ ಅರ್ಧಕ್ಕೇ ಉಳಿಯಿತು.

ಫಾದರ್ ಕೊನ್ರಾಡ್ ಕ್ಷಮೆ ಕೇಳುವ ದನಿಯಲ್ಲಿ ವಿವರಿಸಿದರು. ಗಂಟೆ ಹೊಡೆದರೆ ಕೈಯಲ್ಲಿರುವ ಕೆಲಸವನ್ನು ಇದ್ದಲ್ಲಿಗೇ ಬಿಡಬೇಕು. ಬರೆಯುವವನು ಪದ ಮುಗಿಸುವುದಿಲ್ಲ, ಗುಡಿಸುವವನು ಕಸ ಎತ್ತುವುದಿಲ್ಲ. ನನ್ನ ಕೆಲಸ ದೊಡ್ಡದು, ಅದು ನನ್ನಿಂದಲೇ ಮುಗಿಯಬೇಕು ಎಂಬ ಹಟ ಕರಗಲಿ ಎಂದು ಈ ಅಭ್ಯಾಸ. ನಸುಕಿನಿಂದ ಸಂಜೆಯವರೆಗೆ ಹೀಗೆ ಹಲವು ಸಲ. ನನಗೆ ಅದು ಹಿಡಿಸಿತು. ಯಾವ ಕೆಲಸವನ್ನೂ ಬಿಡಲಾರದೆ, ಯಾವುದನ್ನೂ ಮುಗಿಸಲಾರದೆ ಒದ್ದಾಡುವ ನನ್ನಂಥವಳಿಗೆ ಹೀಗೊಂದು ಗಂಟೆ ಬೇಕು ಅನಿಸಿತು.

“ನಾನು ಇವನನ್ನ ಸಾಕಿದ್ದು ಗಂಟೆಗಾ?” ಅಂದರು ಮೇರಿ ಅಕ್ಕ.

ಊಟದ ಕೋಣೆ

ಅತಿಥಿಗಳ ಊಟದ ಕೋಣೆಯಲ್ಲಿಯೂ ಮಾತಿಲ್ಲ. ಒಬ್ಬರು ಪುಸ್ತಕ ಓದುತ್ತಾರೆ, ಉಳಿದವರು ಕೇಳುತ್ತ ತಿನ್ನುತ್ತಾರೆ. ನನಗೆ ಅಚ್ಚರಿಯಾದದ್ದು ಇನ್ನೊಂದು. ಅಲ್ಲಿ ಯಾರೂ ತನಗೆ ಬೇಕಾದದ್ದನ್ನು ಕೇಳುವ ಹಾಗಿಲ್ಲ. ಪಕ್ಕದವರಿಗೆ ಏನು ಬೇಕು ಎಂದು ನೋಡಿಕೊಂಡು ಕೊಡಬೇಕು. ನನ್ನ ಲೋಟ ಬರಿದಾಗುವ ಮೊದಲೇ ಎದುರಿನ ಅಪರಿಚಿತ ಗಂಡಸು ನೀರು ತುಂಬಿದರು. ನಾನು ಅವರ ಕಡೆ ಉಪ್ಪು ಸರಿಸಬೇಕಿತ್ತು, ಹೊಳೆದಾಗ ಅವರ ಸಾರು ಮುಗಿದಿತ್ತು. ಮದುವೆಮನೆಯ ಪಂಕ್ತಿಯಲ್ಲಿ ಬಡಿಸುವವರ ಹಿಂದೆ ಕೈ ಚಾಚಿ ಕೂಗುವ ನಮಗೆ ಇದು ಒಂದು ಊಟದಲ್ಲಿ ಬರುವ ವಿದ್ಯೆಯಲ್ಲ.

ಎಲ್ಲ ಬೇಯಿಸಿದ ಆಲೂಗಡ್ಡೆ. ಮೇರಿ ಅಕ್ಕ ಮೇಜಿನ ಕೆಳಗೆ ಗೊಜ್ಜಿನ ಡಬ್ಬಿ ತೆರೆಯಲು ಹೋದರು. ಸ್ಟೀಲಿನ ಮುಚ್ಚಳ ಜಾರಿ ಕಲ್ಲಿನ ನೆಲದ ಮೇಲೆ ಬಿದ್ದು, ಗಿರಗಿರ ಸುತ್ತಿ ಸುತ್ತಿ ಕೋಣೆಯ ಆ ತುದಿಗೆ ಹೋಯಿತು. ಓದುವವರು ಓದು ನಿಲ್ಲಿಸಿದರು. ಫಾದರ್ ಕೊನ್ರಾಡ್ ಎದ್ದು ಮುಚ್ಚಳ ಹೆಕ್ಕಿ ತಂದುಕೊಟ್ಟು, ತಮ್ಮ ತಟ್ಟೆಯನ್ನೂ ಮುಂದಕ್ಕೆ ಹಿಡಿದರು. ಪಕ್ಕದವರಿಗೆ ಏನು ಬೇಕೆಂದು ನೋಡುವ ನಿಯಮವನ್ನು ಮೇರಿ ಅಕ್ಕನಿಗೆ ನಾನು ಹೇಳಬೇಕಾಗಲಿಲ್ಲ. ಧಾರಾಳವಾಗಿ ಬಡಿಸಿದರು. ಫಾದರ್ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ತಟ್ಟೆ ಮಾತ್ರ ಪೂರ್ತಿ ಬರಿದಾಯಿತು.

ಊಟದ ನಂತರ ಇನ್ನಾಸಿಗೆ ನಮ್ಮೊಂದಿಗೆ ಒಂದು ಗಂಟೆ ಬಿಡುವು. ಎರಡನೆಯ ದಿನ ಮೇರಿ ಅಕ್ಕ ಅತ್ತುಬಿಟ್ಟರು. ಅವನ ತೋಳು ಹಿಡಿದುಕೊಂಡು, “ವ್ರತ ತಗೊಂಡ್ರೆ ನಿನ್ನ ಸಮಾಧೀನೂ ಇಲ್ಲೇ ಅಲ್ವೇನೋ? ನಾನು ಸತ್ತಾಗ ಯಾರೋ ಮಣ್ಣು ಹಾಕೋರು?” ಅಂದರು. ಗಂಟೆ ಹೊಡೆಯಿತು. ಅವನು ಏಳಲಿಲ್ಲ. ಅಕ್ಕ ತೋಳು ಬಿಡುವವರೆಗೂ ಕೂತಿದ್ದು, ಆಮೇಲೆ ಓಡಿದ.

ನಾವೂ ಚರ್ಚಿಗೆ ಹೋದೆವು. ಸನ್ಯಾಸಿಗಳು ಎರಡು ಸಾಲಾಗಿ ಎದುರುಬದುರು ನಿಂತು ಹಾಡುತ್ತಿದ್ದರು. ತಡವಾಗಿ ಬಂದ ಇನ್ನಾಸಿ ತನ್ನ ಜಾಗಕ್ಕೆ ಹೋಗದೆ ನಡುವೆ ಒಬ್ಬನೇ ಮಂಡಿಯೂರಿದ. ತಡವಾದವರು ಹಾಗೆ ಮಾಡಬೇಕಂತೆ. ಮಠಾಧಿಪತಿಗಳು ಸನ್ನೆ ಮಾಡಿದ ಮೇಲೆಯೇ ಎದ್ದ.

“ನನ್ನಿಂದ ಅಲ್ವಾ ಸುಮಾ,” ಎಂದು ಮೇರಿ ಅಕ್ಕ ಪಿಸುಗುಟ್ಟಿದರು.

ಕಾಡಿನ ಅಂಚು

ಮೂರನೆಯ ದಿನ ಇನ್ನಾಸಿಗೆ ಕಾಡಿನಲ್ಲಿ ಕೆಲಸ. ಹುಳು ಹಿಡಿದ ಮರಗಳನ್ನು ಕಡಿಯುತ್ತಿದ್ದರು. ನಾವು ಹುಲ್ಲುಗಾವಲಿನ ಅಂಚಿನ ಬೆಂಚಿನ ಮೇಲೆ ಕೂತು ದೂರದಿಂದ ನೋಡುತ್ತಿದ್ದೆವು. ಯಾರೂ ಒಳಗೆ ಬರದಂತೆ ಸುತ್ತ ಕೆಂಪು ಬಿಳಿ ಪಟ್ಟಿ ಕಟ್ಟಿದ್ದರು. ಕಾಡಿನ ಮೇಲ್ವಿಚಾರಕರಾದ ವಯಸ್ಸಾದ ಬ್ರದರ್ ಲಿಯೋ ಕೆಳಗಿನ ತಿರುವಿನಲ್ಲಿ ಟ್ರ್ಯಾಕ್ಟರಿಗೆ ದಿಮ್ಮಿ ಕಟ್ಟಿಸುತ್ತಿದ್ದರು, ನಮಗೆ ಕಾಣುತ್ತಿರಲಿಲ್ಲ. ಇನ್ನಾಸಿ ಹೆಲ್ಮೆಟ್ ಹಾಕಿಕೊಂಡು ಗರಗಸದ ಯಂತ್ರ ಹಿಡಿದಿದ್ದ. ಅವನ ಜಾಕೆಟ್ ಪಕ್ಕದ ಕೊರಡಿನ ಮೇಲಿತ್ತು.

“ಮೊಣಕೈ ಹತ್ರ ಅರಿದೋಗಿದೆ ನೋಡು,” ಮೇರಿ ಅಕ್ಕ ಅಂದರು. “ಮೊನ್ನೆಯಿಂದ ನೋಡ್ತಿದ್ದೀನಿ. ಇಷ್ಟು ಜನ ಇದ್ದಾರೆ, ಒಬ್ಬರಿಗೂ ಸೂಜಿ ಹಿಡಿಯಕ್ಕೆ ಬರಲ್ಲ.”

ಮಧ್ಯಾಹ್ನದ ಗಂಟೆ ಶುರುವಾಯಿತು. ದೂರದಲ್ಲಿರುವವರು ಬಂದು ಸೇರಲಿ ಎಂದು ಅದನ್ನು ಬಹಳ ಹೊತ್ತು ಹೊಡೆಯುತ್ತಾರೆ. ಯಂತ್ರದ ಸದ್ದು ಅದೇ ಕ್ಷಣಕ್ಕೆ ನಿಂತಿತು. ಇನ್ನಾಸಿ ಯಂತ್ರ ಕೆಳಗಿಟ್ಟ, ಹೆಲ್ಮೆಟ್ ಕಳಚಿದ, ನಮ್ಮ ಕಡೆ ನೋಡದೆ ಹುಲ್ಲುಗಾವಲಿನ ಮೇಲೆ ಚರ್ಚಿನ ಕಡೆಗೆ ಓಡುವಂತೆ ನಡೆದ. ಅವನು ಕೊಯ್ಯುತ್ತಿದ್ದ ಮರ ನೆಟ್ಟಗೆ ನಿಂತೇ ಇತ್ತು.

ಮೇರಿ ಅಕ್ಕ ಎದ್ದರು. “ಅವನು ಬರೋಷ್ಟರಲ್ಲಿ ಎರಡು ಹೊಲಿಗೆ ಹಾಕ್ಬುಡ್ತೀನಿ,” ಎಂದು ಪಟ್ಟಿ ಎತ್ತಿ ಒಳಗೆ ನುಸುಳಿದರು. ಕೆಲಸ ನಿಂತಿದೆಯಲ್ಲ, ಇನ್ನೇನು ಅಪಾಯ ಎಂದು ನಾನೂ ಸುಮ್ಮನಿದ್ದೆ.

ಇನ್ನು ಮುಂದಿನದು ದಿನವೂ ನನ್ನೊಳಗೆ ನಡೆಯುವುದು. ಗಾಳಿ ಬೀಸಿತು. ಮೇಲೆ ತುದಿಗಳೆಲ್ಲ ಒಂದು ಕಡೆ ಬಾಗಿದವು. ಎಲ್ಲ ಮರಗಳೂ ವಾಪಸ್ಸು ಬಂದವು, ಒಂದು ಬರಲಿಲ್ಲ. ‘ಚಟ್’ ಎಂದಿತು. ಮೇರಿ ಅಕ್ಕ ಆ ಮರದ ಕೆಳಗೇ, ನನಗೆ ಬೆನ್ನು ಮಾಡಿ, ಜಾಕೆಟ್ಟಿನ ತೋಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನನಗೆ ಅರ್ಥವಾಯಿತು. ಬಾಯಿ ತೆರೆದೆ. ದನಿ ಬರಲಿಲ್ಲ.

ಆಗ ಕನ್ನಡ ಕೇಳಿಸಿತು. “ಅಕ್ಕಾ! ಬುಡು ಅದನ್ನ! ಬಾ ಈ ಕಡೆ! ಅಕ್ಕಾ!”

ಇನ್ನಾಸಿ ಹುಲ್ಲುಗಾವಲಿನ ಮೇಲೆ ಓಡಿಬರುತ್ತಿದ್ದ. ಅವನ ಹಿಂದೆ ಗಂಟೆ ಇನ್ನೂ ಹೊಡೆಯುತ್ತಲೇ ಇತ್ತು. ಮೇರಿ ಅಕ್ಕ ತಿರುಗಿ, “ಏನೋ ಅದು?” ಅಂದರು. ಮರ ಇನ್ನೊಮ್ಮೆ ಕಿರುಗುಟ್ಟಿತು. ಅವನು ಪಟ್ಟಿಯನ್ನು ಹರಿದುಕೊಂಡು ಒಳಗೆ ನುಗ್ಗಿ, ಅಕ್ಕನ ಸೊಂಟಕ್ಕೆ ಕೈಹಾಕಿ ಪಕ್ಕಕ್ಕೆ ಎಳೆದುಕೊಂಡು ಬಿದ್ದ. ಮರ ಬಂತು. ನೆಲ ನನ್ನ ಬೆಂಚಿನವರೆಗೂ ನಡುಗಿತು. ಧೂಳು, ಹಸಿರು ಸೂಜಿಯೆಲೆ, ಹಕ್ಕಿಗಳ ಕೂಗು. ಇಬ್ಬರೂ ಕಾಣಲಿಲ್ಲ.

ಎಷ್ಟು ಹೊತ್ತೋ ತಿಳಿಯದು. ಕೊಂಬೆಗಳ ಆಚೆಯಿಂದ ಮೇರಿ ಅಕ್ಕನ ದನಿ ಬಂತು: “ಏಳೋ ಮಾರಾಯ, ನನ್ನ ಕಾಲು ತುಳೀತಿದ್ದೀಯ.”

ನಾನು ಆ ಕಡೆಗೆ ಓಡಿದೆ. ಮರ ಬಿದ್ದ ಸದ್ದಿಗೆ ಬ್ರದರ್ ಲಿಯೋ ಕೆಳಗಿನಿಂದ ಏದುಸಿರು ಬಿಡುತ್ತ ಬಂದರು. ಚರ್ಚಿನಿಂದ ಸನ್ಯಾಸಿಗಳೆಲ್ಲ ಬಂದರು. ಅಕ್ಕ ತಮ್ಮ ಇಬ್ಬರಿಗೂ ತರಚುಗಾಯ, ಅಷ್ಟೇ. ಬಿದ್ದ ಮರದ ಸುತ್ತ ಎಲ್ಲರೂ ನಿಂತರು. ಮಠಾಧಿಪತಿಗಳು ಏನೋ ಅಂದರು. ಫಾದರ್ ಕೊನ್ರಾಡ್ ನನ್ನ ಕಡೆ ತಿರುಗಿ, “ಇವತ್ತಿನ ಪ್ರಾರ್ಥನೆ ಇಲ್ಲೇ,” ಅಂದರು. ಆ ಕೊಂಬೆಗಳ ನಡುವೆ ನಿಂತು ಅವರು ಹಾಡಿದರು. ಮೇರಿ ಅಕ್ಕನ ಮುಡಿಯ ತುಂಬ ಹಸಿರು ಎಲೆ. ಬ್ರದರ್ ಲಿಯೋ ಟೋಪಿ ಎದೆಗೊತ್ತಿಕೊಂಡು ಅಳುತ್ತಿದ್ದರು.

ಅತಿಥಿಗೃಹದ ಕಿಟಕಿ

ಕಾಡಿನ ಕೆಲಸಕ್ಕೆ ನಿಯಮ ಬೇರೆ ಎಂದು ಫಾದರ್ ಕೊನ್ರಾಡ್ ಹೇಳಿದರು. ಅಲ್ಲಿ ಮರ ಮೊದಲು, ಗಂಟೆ ಆಮೇಲೆ. ಕೊಯ್ಯಲು ಶುರುಮಾಡಿದ ಮರವನ್ನು ಕೆಡವದೆ ಯಾರೂ ಕದಲಬಾರದು. ಇದು ಇನ್ನಾಸಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹಿಂದಿನ ದಿನ ತಡವಾದದ್ದು ಅವನ ತಲೆಯಲ್ಲಿ ಕೊರೆಯುತ್ತಿತ್ತು. ಗಂಟೆ ಹೊಡೆದದ್ದೇ ಉಳಿದದ್ದೆಲ್ಲ ಮರೆತುಹೋಯಿತು. ಚರ್ಚಿನ ಬಾಗಿಲಲ್ಲಿ ತೀರ್ಥದ ಬಟ್ಟಲಿಗೆ ಬೆರಳು ಅದ್ದಿದಾಗ, ಕೈಗೆ ಅಂಟಿದ್ದ ಮರದ ಹೊಟ್ಟು ನೀರಿನ ಮೇಲೆ ತೇಲಿತಂತೆ. ಆಗ ನೆನಪಾಯಿತು.

“ಇಂಥ ತಪ್ಪು ಸನ್ಯಾಸಿ ಮಾತ್ರ ಮಾಡಬಲ್ಲ,” ಎಂದರು ಫಾದರ್. “ಗಂಟೆ ದೇವರ ಕರೆ ಎಂದು ಕಲಿಸುತ್ತೇವೆ. ಗಂಟೆಯೇ ದೇವರಲ್ಲ ಎಂದೂ ಅಷ್ಟೇ ಚೆನ್ನಾಗಿ ಕಲಿಸಬೇಕಿತ್ತು. ಕ್ಷಮೆ ಕೇಳಬೇಕಾದವರು ನಾವು.”

“ಅವನನ್ನ ಓಡಿಸ್ಬುಡ್ತಾರಾ ಕೇಳು,” ಮೇರಿ ಅಕ್ಕ ನನ್ನನ್ನು ತಿವಿದರು.

ಇಲ್ಲ ಎಂದರು ಫಾದರ್. ಭಾನುವಾರ ವ್ರತ ತೆಗೆದುಕೊಳ್ಳುವುದೋ ಬಿಡುವುದೋ ಅವನಿಗೇ ಬಿಟ್ಟದ್ದು.

ಊಟದ ನಂತರ ಇನ್ನಾಸಿ ಬಂದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಕೂರದೆ ನಿಂತೇ ಹೇಳಿದ. “ನಡಿ ಅಕ್ಕ, ಮೈಸೂರಿಗೆ ಹೋಗಣ. ನಾನು ಇದಕ್ಕೆ ಲಾಯಕ್ಕಿಲ್ಲ. ನಿನ್ನನ್ನೇ ಕೊಂದ್ಬುಡ್ತಿದ್ದೆ.”

ಮೇರಿ ಅಕ್ಕ ಕೇಳಲು ಬಂದದ್ದು ಈ ಮಾತನ್ನೇ. ಇದಕ್ಕಾಗಿಯೇ ಸಮುದ್ರ ದಾಟಿದ್ದು. ಎದ್ದು ಬ್ಯಾಗು ಕಟ್ಟುತ್ತಾರೆ ಅಂದುಕೊಂಡೆ. ಅವರು ಬ್ಯಾಗಿನಿಂದ ಸೂಜಿದಾರದ ಡಬ್ಬಿ ತೆಗೆದರು. ಕಾಡಿನಿಂದ ಎಳೆದು ತಂದಿದ್ದ ಜಾಕೆಟ್ ಈಗ ಮೊಣಕೈಯಿಂದ ಭುಜದವರೆಗೂ ಸೀಳಿತ್ತು. ಕಿಟಕಿಯ ಬೆಳಕಿಗೆ ಕೂತು ಹೊಲಿಯತೊಡಗಿದರು. ಇನ್ನಾಸಿ ನಿಂತಿದ್ದ, ಆಮೇಲೆ ನೆಲದ ಮೇಲೆ ಅವರ ಕಾಲ ಬಳಿ ಕೂತ. ಗಂಟೆ ಹೊಡೆಯಿತು. ಅವನು ಅಲುಗಲಿಲ್ಲ.

“ಹೋಗಲ್ವೇನೋ?”

“ಇಲ್ಲ.”

ಕೊನೆಯ ಗಂಟು ಹಾಕಿ, ದಾರವನ್ನು ಹಲ್ಲಿನಲ್ಲಿ ಕಡಿದು, ಜಾಕೆಟ್ ಕೊಡವಿ ಅವನ ಹೆಗಲ ಮೇಲೆ ಹಾಕಿದರು. “ಇಲ್ಲಿ ಹಿಮ ಬೀಳೋಷ್ಟರಲ್ಲಿ ಬೇಕಾಗ್ತದೆ ಇದು. ಮೈಸೂರಲ್ಲಿ ಇಷ್ಟು ದಪ್ಪದ್ದು ಯಾರು ಹಾಕ್ಕೋತಾರೆ?”

ಅವನು ತಲೆ ಎತ್ತಿದ. “ಅಕ್ಕ?”

“ಎದರ್ಕೊಂಡು ಮನೆಗೆ ಬರೋದಾದ್ರೆ ಬರಬೇಡ ಕಣೋ. ಆವತ್ತು ನೀನು ಗಂಟೆ ಕೇಳಿ ಅರ್ಧ ಮಾತಿಗೆ ಎದ್ದೋದಾಗ, ಇವನಿಗೆ ನಾನು ಏನೂ ಅಲ್ಲ ಅಂದ್ಕೊಂಡೆ. ಇವತ್ತು ಅದೇ ಗಂಟೆ ಹೊಡೀತಾನೇ ಇತ್ತು, ನೀನು ನನ್ನ ಕಡೆ ಓಡಿಬಂದೆ. ಅಷ್ಟು ಸಾಕು ನನಗೆ. ಹೂಂ ಅಂದೆ, ಕೇಳಿಸ್ತಾ? ಹೂಂ. ಈಗ ಓಡು, ಮತ್ತೆ ನಡುಮಧ್ಯ ಮಂಡಿ ಊರ್ಬೇಡ.”

ಅವನು ಆ ಜಾಕೆಟ್ ಹೊದ್ದುಕೊಂಡೇ ಓಡಿದ. ಆ ದಿನವೂ ಮಂಡಿಯೂರಬೇಕಾಯಿತು. ಹಿಂದಿನ ಸಾಲಿನಲ್ಲಿ ಮೇರಿ ಅಕ್ಕ, “ತೋಳಿನ ಮೇಲಿನ ಹೊಲಿಗೆ ಇಲ್ಲಿಂದ ಕಾಣಲ್ಲ ಅಲ್ವಾ?” ಎಂದು ಕೇಳಿದರು.

ಕಪ್ಪು ಬಟ್ಟೆ

ಭಾನುವಾರ ಇನ್ನಾಸಿ ಚರ್ಚಿನ ನಡುವೆ ನೆಲದ ಮೇಲೆ ಮುಖ ಕೆಳಗಾಗಿ ಉದ್ದಕ್ಕೆ ಮಲಗಿದ. ಅವನ ಮೇಲೆ ಕಪ್ಪು ಬಟ್ಟೆ ಹೊದಿಸಿದರು, ಸತ್ತವರಿಗೆ ಹೊದಿಸುವಂಥದು. ಹಳೆಯ ಬದುಕು ಅಲ್ಲಿಗೆ ಮುಗಿಯಿತು ಎಂದು ಅರ್ಥವಂತೆ. ಅರ್ಥ ತಿಳಿದಿದ್ದರೂ ಪ್ರಯೋಜನವಾಗಲಿಲ್ಲ. ನನ್ನ ಕಿವಿಯಲ್ಲಿ ‘ಚಟ್’ ಎಂದಿತು. ಎದ್ದು ಹೊರಗೆ ಹೋಗಬೇಕು ಅನಿಸಿತು. ಮೇರಿ ಅಕ್ಕ ನನ್ನ ಕೈ ಹಿಡಿದರು. ಅವರ ಬೆರಳು ಬೆಚ್ಚಗಿತ್ತು.

“ನೋಡ್ತಿರು,” ಅಂದರು. “ಏಳ್ತಾನೆ.”

ಬಟ್ಟೆ ಸರಿಸಿದರು. ಅವನು ಎದ್ದ. ಕೆನ್ನೆಯ ಮೇಲೆ ಕಲ್ಲಿನ ಗೆರೆ ಮೂಡಿತ್ತು. ಸನ್ಯಾಸಿಗಳು ಒಬ್ಬೊಬ್ಬರಾಗಿ ಬಂದು ಅಪ್ಪಿಕೊಂಡರು. ಬ್ರದರ್ ಲಿಯೋ ಎಷ್ಟು ಗಟ್ಟಿಯಾಗಿ ಅಪ್ಪಿದರೆಂದರೆ ಹಿಂದಿನವರು ಕಾಯಬೇಕಾಯಿತು. ಮಧ್ಯಾಹ್ನದ ಊಟಕ್ಕೆ ಮೇರಿ ಅಕ್ಕನ ಗೊಜ್ಜಿನಲ್ಲಿ ಅನ್ನ ಕಲಸಿತ್ತು. ಫಾದರ್ ಕೊನ್ರಾಡ್ ಮತ್ತೆ ತಟ್ಟೆ ಹಿಡಿದರು, ಈ ಸಲ ಪಕ್ಕದಲ್ಲಿ ನೀರಿನ ಜಗ್ಗು ಇಟ್ಟುಕೊಂಡು.

ವಾಪಸ್ಸು ರೈಲಿನಲ್ಲಿ ಮೇರಿ ಅಕ್ಕ ಪ್ರತಿ ನಿಲ್ದಾಣಕ್ಕೂ ಗುಂಡಿ ಒತ್ತಿದರು. ರೈಲು ಪಾಪ ಎಲ್ಲ ಕಡೆಯೂ ನಿಂತಿತು.

ಮತ್ತೆ ಚಾಮರಾಜಪುರಂ

ಈಗ ನಾನು ಸ್ವಲ್ಪ ಸ್ವಲ್ಪ ಬದಲಾಗಿದ್ದೇನೆ. ಊಟಕ್ಕೆ ಕೂತಾಗ ಪಕ್ಕದವರ ತಟ್ಟೆ ನೋಡುತ್ತೇನೆ. ಆ ಸದ್ದು ಬಂದಾಗ ಈಗಲೂ ಮೈ ಹಿಮವಾಗುತ್ತದೆ. ಆದರೆ ಅದರ ಹಿಂದೆಯೇ, ಸ್ವಲ್ಪ ತಡವಾಗಿಯಾದರೂ, ‘ಏಳೋ ಮಾರಾಯ’ ಎಂಬ ದನಿಯೂ ಬರುತ್ತದೆ. ಮೊದಲು ಅದು ಬರುತ್ತಿರಲಿಲ್ಲ.

ಭಾನುವಾರ ಸಂಜೆ ಇನ್ನಾಸಿಗೆ ಫೋನ್ ಮಾಡಲು ಅನುಮತಿ ಇದೆ. ಮೇರಿ ಅಕ್ಕ ಸ್ಪೀಕರ್ ಹಾಕಿ ನನ್ನನ್ನೂ ಕಾಂಪೌಂಡಿನ ಆಚೆಯಿಂದ ಕೂಗುತ್ತಾರೆ. ಕಳೆದ ವಾರ ಅವನು ಅಲ್ಲಿ ಹಿಮ ಬೀಳುತ್ತಿರುವುದನ್ನು, ಜಾಕೆಟ್ ಬೆಚ್ಚಗಿರುವುದನ್ನು ಹೇಳುತ್ತಿದ್ದ. ಆಮೇಲೆ, “ಅಕ್ಕ, ನೀನು ಆವತ್ತು ಕೇಳಿದ್ಯಲ್ಲ, ಇಲ್ಲಿಗೇ ಯಾಕೆ ಬಂದೆ ಅಂತ. ಅದು ಎಂಗೆ ಅಂದ್ರೆ...” ಎಂದು ಶುರುಮಾಡಿದ. ಫೋನಿನೊಳಗೆ, ಬಹು ದೂರದಲ್ಲಿ, ಗಂಟೆ ಹೊಡೆಯತೊಡಗಿತು.

ಅವನು ಮಾತು ನಿಲ್ಲಿಸಿದ.

“ಹೋಗು, ಹೋಗು,” ಅಂದರು ಮೇರಿ ಅಕ್ಕ. ಫೋನ್ ಇಡುವ ಮೊದಲು ಮತ್ತೆ ಬಾಯಿಗೆ ಹತ್ತಿರ ತಂದುಕೊಂಡರು. “ಮರ ಗಿರ ಅರ್ಧಕ್ಕೆ ಬಿಟ್ಟಿಲ್ಲ ತಾನೇ?”

“ಇಲ್ಲ ಅಕ್ಕ. ಎಲ್ಲ ಕೆಡವಿದ್ದೀನಿ.”

“ಸರಿ. ಓಡು ಹಂಗಾದ್ರೆ.”